ಒಂಕುಂದದಿಂದ ವಕ್ಕುಂದಕ್ಕ: ನಮ್ಮ ಬಾಯಾಗಿನ ಇತಿಹಾಸ

ಭಾಗ 1/6 | ತಿರುಳು ಎಲ್ಲೈತಿ?

ಬೆಂಗಳೂರಿಗೆ ಇಂಟರ್‌ವ್ಯೂಕ್ಕ ಹೋಗೋ ಮುಂದ ನಮ್ಮಲ್ಲಿ ಭಾಳ ಮಂದಿ ಎರಡು ಬದಲಿ ಮಾಡ್ತೀವಿ. ಒಂದು ಅಂಗಿ, ಇನ್ನೊಂದು ಮಾತು. "ಹೊಂಟೀನಿ" ಹೋಗಿ "ಹೊರಟಿದ್ದೇನೆ" ಬರತೈತಿ. "ಐತಿ" ಹೋಗಿ "ಇದೆ" ಬರತೈತಿ. ಇಂಗ್ಲಿಷ್ ಸರಿ ಬರಂಗಿಲ್ಲ ಅನ್ನೋ ಅಂಜಿಕಿ ಮೊದಲೇ ಇರತೈತಿ, ಅದರ ಮ್ಯಾಲೆ ನಮ್ಮ ಕನ್ನಡಾನೂ ಸರಿ ಇಲ್ಲ ಅನ್ನೋ ನಾಚಿಕಿ.

ಹಂಗಾದ್ರ "ಸರಿ ಕನ್ನಡ" ಎಲ್ಲಿಂದು? ಈ ಪ್ರಶ್ನೆ ಇನ್‌ಸ್ಟಾಗ್ರಾಮಿಗಿಂತ ಭಾಳ ಹಳೇದು. ಸುಮಾರು ಕ್ರಿ.ಶ. 850ರಾಗ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಾಗ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗ ಸಿಕ್ಕಿರೋ ಕನ್ನಡ ಗ್ರಂಥಗಳೊಳಗ ಅದೇ ಮೊದಲನೇದು. ಅದರಾಗ ಆತ ಕನ್ನಡ ನಾಡು ಕಾವೇರಿಯಿಂದ ಗೋದಾವರಿ ತನಕ ಅಂತ ಗುರುತು ಹಾಕ್ತಾನ. ಆಮೇಲೆ ಕನ್ನಡದ ತಿರುಳು ಯಾವ ಭಾಗದಾಗ ಐತಿ ಅಂತ ಹೇಳಾಕ ನಾಲ್ಕು ಊರಿನ ಹೆಸರು ಕೊಡ್ತಾನ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ.

ಕಿಸುವೊಳಲ್ ಅಂದ್ರ ಇವತ್ತಿನ ಪಟ್ಟದಕಲ್ಲು. ಕೊಪಣ ಅಂದ್ರ ಕೊಪ್ಪಳ. ಪುಲಿಗೆರೆ ಅಂದ್ರ ಲಕ್ಷ್ಮೇಶ್ವರ. ನಾಲ್ಕನೇದು?

ಒಂಕುಂದ ಅಂದ್ರ ಒಕ್ಕುಂದ. ಹೌದ್ರಿ, ನಮ್ಮ ಬೈಲಹೊಂಗಲ ತಾಲೂಕಿನ ವಕ್ಕುಂದ. ಬಸ್ಸಿನ ಕಿಟಕಿಯಾಗ ನೋಡಿ ಮುಂದ ಹೋಗಿಬಿಡೋ ಊರು.

ಇಷ್ಟು ಓದಿ "ನಮ್ಮದೇ ಶುದ್ಧ ಕನ್ನಡ" ಅಂತ ಕಾಲರ್ ಎತ್ತಬ್ಯಾಡ್ರಿ. ಶ್ರೀವಿಜಯ ಇವತ್ತು ಬೈಲಹೊಂಗಲ ಬಸ್ ಸ್ಟ್ಯಾಂಡಿಗೆ ಬಂದು ನಿಂತರ ನಮ್ಮ ಮಾತೂ ಅವಗ ತಿಳಿಯಂಗಿಲ್ಲ, ಬೆಂಗಳೂರಿನವರ ಮಾತೂ ತಿಳಿಯಂಗಿಲ್ಲ. 1,100 ವರ್ಷದಾಗ ಎಲ್ಲರ ಕನ್ನಡಾನೂ ಬದಲಾಗೈತಿ. ಹೆಂಗ ಬದಲಾತು ಅನ್ನೋದೇ ಈ ಸರಣಿ.

ಭಾಗ 2/6 | ಬಾಯಿ ಸುಮ್ಮನೆ ತಪ್ಪಂಗಿಲ್ಲ

"ಒಂಕುಂದ" "ಒಕ್ಕುಂದ" ಆತು: ನಡುವಿನ ಅನುಸ್ವಾರ ಹೋಗಿ ಕಕಾರ ಒತ್ತು ತಗೊಂತು. ಆಮೇಲೆ "ವಕ್ಕುಂದ" ಆತು. ಇದು ಬರೀ ಒಂದು ಊರಿನ ಕಥಿ ಅಲ್ಲ. ಶಬ್ದದ ಮೊದಲಿಗೆ "ಒ" ಬಂದ್ರ ನಾವು ಮುಂದ ಒಂದು "ವ" ಹಚ್ಚತೀವಿ. ಒಂದು, ವಂದು. ಒಳಗ, ವಳಗ. ಒಕ್ಕಲಿಗ, ವಕ್ಕಲಿಗ. ಜೋರಾಗಿ ಹೇಳಿ ನೋಡ್ರಿ, ತುಟಿ ದುಂಡಗ ಆಗತಾವ, "ವ" ತಾನೇ ಬರತೈತಿ.

"ಇದು ಹಳ್ಳಿ ಮಂದಿ ಉಚ್ಚಾರ" ಅಂತ ಯಾರಾದರೂ ನಕ್ಕರ ಅವರಿಗೆ ಇಂಗ್ಲಿಷಿನ "ವನ್" ತೋರಿಸ್ರಿ. ಹಳೆ ಇಂಗ್ಲಿಷಿನಾಗ ಒಂದಕ್ಕ "ಆನ್" ಅಂತಿದ್ರು. ಅದು "ಓನ್" ಆತು. ಮುಂದ ಇಂಗ್ಲೆಂಡಿನ ಪಶ್ಚಿಮದ ಕಡೆ ಮಂದಿ ಅದಕ್ಕ "ವ" ಹಚ್ಚಿ ಹೇಳಾಕ ಹತ್ತಿದರು, ಕಡೀಕ ಅದೇ ಎಲ್ಲರ ಉಚ್ಚಾರ ಆತು. "ಅಲೋನ್", "ಓನ್ಲಿ" ಅನ್ನೋ ಶಬ್ದದಾಗ ಮಾತ್ರ ಹಳೆ "ಓನ್" ಹಂಗೇ ಉಳದೈತಿ. ಒಂದು ಕಡೆಯ ಹಳ್ಳಿ ಉಚ್ಚಾರ ಇವತ್ತು ಜಗತ್ತೆಲ್ಲಾ ಕಲಿಯೋ ಇಂಗ್ಲಿಷ್.

ಕನ್ನಡದಾಗೂ ಹಂಗೇ. ಹಳಗನ್ನಡದಾಗ ಪಾಲ್, ಪತ್ತು, ಪೊಸ, ಪಳ್ಳಿ, ಪೆಸರ್ ಅಂತಿದ್ವು. 10ನೇ ಶತಮಾನದ ಹೊತ್ತಿಗೆ "ಪ" ಸಡಿಲಾಗಿ "ಹ" ಆಗಾಕ ಹತ್ತಿತು. ಹಾಲು, ಹತ್ತು, ಹೊಸ, ಹಳ್ಳಿ, ಹೆಸರು. ತಮಿಳಿನವರು ಇವತ್ತಿಗೂ ಪಾಲ್, ಪತ್ತು ಅಂತಾರ. ಅದೇ ಗಾಳಿಗೆ ಪುಲಿಗೆರೆ ಹುಲಿಗೆರೆ ಆತು.

ಇನ್ನೊಂದು ನೋಡ್ರಿ. ಹಳಗನ್ನಡದ "ಇರ್ದಂ" ಇವತ್ತು "ಇದ್ದ". "ಎರ್ದೆ" ಇವತ್ತು "ಎದೆ". ಅಂದ್ರ ಇಂಟರ್‌ವ್ಯೂದಾಗ ನಾವು ಕಷ್ಟಪಟ್ಟು ಬಳಸೋ "ಸರಿ" ಶಬ್ದಗಳೂ ಒಂದು ಕಾಲಕ್ಕ ರಕಾರ ನುಂಗಿದ ಬಾಯಿಂದಾನೇ ಹುಟ್ಟಿದ್ದು. ಪುಸ್ತಕ ಸೇರಿದ ಮ್ಯಾಲೆ ಅದಕ್ಕ ವ್ಯಾಕರಣ ಅಂತ ಹೆಸರು ಬಂತು.

ಭಾಗ 3/6 | ವೋಚರ್ ತರ್ರಿ

ಬಿಕಾಂನವರಿಗೆ ಇದು ಲಗೂನ ತಿಳಿಯತೈತಿ. ಖಾತೆ ಪುಸ್ತಕದಾಗ ಎಂಟ್ರಿ ಎಷ್ಟು ಚಂದ ಬರೆದಿದ್ದರೂ ಆಡಿಟ್‌ಗೆ ಬಂದವರು ಒಂದೇ ಮಾತು ಕೇಳ್ತಾರ: ವೋಚರ್ ಎಲ್ಲಿ?

ಊರ ಹೆಸರಿಗೂ ವೋಚರ್ ಬೇಕು. ಸವದತ್ತಿ ಹತ್ತಿರ ಹೂಲಿ ಐತಿ, ಪಂಚಲಿಂಗೇಶ್ವರ ಗುಡಿ ಇರೋ ಹೂಲಿ. "ಪ" ಹೋಗಿ "ಹ" ಆಗತೈತಿ ಅಂತ ಈಗ ಕಲಿತೀವಿ. ಹಂಗಾದ್ರ ಹೂಲಿ ಅಂದ್ರ ಹುಲಿ ಇದ್ದ ಊರು ಅಂತ ಒಂದು ರೀಲ್ ಮಾಡಿ ಬಿಡಬಹುದು, ಲೈಕೂ ಬರತಾವ. ಆದ್ರ ಶಾಸನದಾಗ ಊರಿನ ಹೆಸರು "ಪೂಲಿ" ಅಂತ ಐತಿ, ದೀರ್ಘ. ಪ್ರಾಣಿ "ಪುಲಿ", ಹ್ರಸ್ವ. "ಪ" ಇಂದ "ಹ" ಆದ ಲೆಕ್ಕ ಹೊಂದತೈತಿ, ಹುಲಿಯ ಲೆಕ್ಕ ಹೊಂದಂಗಿಲ್ಲ. ಒಂದು ದೀರ್ಘದ ಗೆರಿ ಇಡೀ ಕಥಿ ಕೆಡಸತೈತಿ.

ಸವದತ್ತಿಗೂ ವೋಚರ್ ಐತಿ. ಅದು ರಟ್ಟರ ರಾಜಧಾನಿ ಆಗಿತ್ತು. ಶಾಸನದಾಗ ಅದರ ಹೆಸರು ಸುಗಂಧವರ್ತಿ. ಕೊನೆಯ "ವರ್ತಿ" ನೋಡ್ರಿ, ರಕಾರ ಬಿದ್ದು ತಕಾರ ಒತ್ತು ತಗೊಂಡೈತಿ. "ಇರ್ದಂ" "ಇದ್ದ" ಆದ ದಾರಿನೇ ಇದು. ರಟ್ಟರು ಮುಂದ ರಾಜಧಾನಿ ಒಯ್ದದ್ದು ಬೆಳಗಾವಿಗೆ. ಆ ಊರಿಗೆ ಶಾಸನದಾಗ ವೇಳುಗ್ರಾಮ ಅಂತಾನೂ ಐತಿ, ವೇಣುಗ್ರಾಮ ಅಂತಾನೂ ಐತಿ. ವೇಳು ಅಂದ್ರೂ ಬಿದಿರು, ವೇಣು ಅಂದ್ರೂ ಬಿದಿರು. ಪಂಡಿತರು ಕೈಯಾಗ ಲೇಖನಿ ಹಿಡಿದಾಗ ಊರ ಹೆಸರಿಗೂ ಸಂಸ್ಕೃತದ ಅಂಗಿ ತೊಡಸತಿದ್ರು. ಹಂಗಾಗಿ ಶಾಸನ ಓದೋದಕ್ಕೂ ಎಚ್ಚರ ಬೇಕು.

ಈ ವೋಚರ್‌ಗಳನ್ನ ಒಟ್ಟು ಹಾಕಿದವರೊಳಗ ಒಬ್ಬನ ಕಥಿ ಕಿತ್ತೂರಿನದು. 1824ರ ಅಕ್ಟೋಬರ್ 23ಕ್ಕ ಕಿತ್ತೂರ ಕೋಟಿ ಮುಂದ ಥ್ಯಾಕರೆ ಸತ್ತದ್ದು ನಮಗೆಲ್ಲಾ ಬಾಯಿಪಾಠ. ಅವತ್ತು ಚೆನ್ನಮ್ಮನ ಮಂದಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳೊಳಗ ಒಬ್ಬವ ವಾಲ್ಟರ್ ಎಲಿಯಟ್, 21 ವರ್ಷದ ಹುಡುಗ. ನಮಗಿಂತ ಒಂದು ವರ್ಷ ದೊಡ್ಡಾವ. ಡಿಸೆಂಬರಿನಾಗ ಬಿಡುಗಡೆ ಆತು. ಮುಂದ ಅದೇ ಎಲಿಯಟ್ ಈ ಸೀಮಿ ತಿರುಗಿ ಕಲ್ಲಿನ ಬರಹ ನಕಲು ಮಾಡಿಸಿದ. 595 ಶಾಸನಗಳ ನಕಲು ಕೂಡಿಸಿದ. ನಂತರದ ತಲಿಮಾರಿನ ಜೆ.ಎಫ್. ಫ್ಲೀಟ್ ಸವದತ್ತಿಯ ರಟ್ಟರ ಶಾಸನ ಓದಿ ಅಚ್ಚು ಹಾಕಿದ, 1882ರಾಗ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದ. ಆಳಾಕ ಬಂದವರು ಅವರು, ಅದನ್ನ ಮರೀಬಾರದು. ಆದ್ರ ಕಲ್ಲು ಬರೆಸಿದವರು, ಕೆತ್ತಿದವರು ನಮ್ಮ ಮಂದಿ.

ಭಾಗ 4/6 | ಗುರ್ಲಹೊಸೂರಿನ ಮಾಸ್ತರ

ಕಲ್ಲಿಲ್ಲದ ಕಡೆ ಏನ್ ಮಾಡೋದು? ಈ ಪ್ರಶ್ನೆ ಹಿಡಿದು ಜೀವನಪೂರ್ತಿ ಕುಂತವರು ನಮ್ಮ ಸವದತ್ತಿ ಕಡೆಯವರೇ: ಶಂ.ಬಾ. ಜೋಶಿ. ಹುಟ್ಟಿದ್ದು 1896ರಾಗ, ಗುರ್ಲಹೊಸೂರಿನಾಗ. ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಧಾರವಾಡದಾಗ ಕನ್ನಡ ಕಲಿಸೋ ಶಾಲಿ ಮಾಸ್ತರ.

1933ರಾಗ 'ಕಣ್ಮರೆಯಾದ ಕನ್ನಡ', 1934ರಾಗ 'ಮಹಾರಾಷ್ಟ್ರದ ಮೂಲ' ಬರೆದರು. ಊರ ಹೆಸರು, ಕುಲದ ಹೆಸರು, ದೇವರ ಹೆಸರು, ಇವೆಲ್ಲಾ ಮಂದಿ ಎಲ್ಲಿಂದ ಬಂದ್ರು, ಯಾವ ಮಾತು ಆಡ್ತಿದ್ರು ಅನ್ನೋದಕ್ಕ ಸಾಕ್ಷಿ ಅಂತ ಅವರ ವಾದ. ರಾಜ ಬದಲಾಗ್ತಾನ, ಧರ್ಮ ಬದಲಾಗತೈತಿ, ಆಡೋ ಭಾಷಾನೂ ಬದಲಾಗಬಹುದು, ಆದ್ರ ಹಳ್ಳಕ್ಕ, ಗುಡ್ಡಕ್ಕ, ಊರಿಗೆ ಮೊದಲಿನವರು ಇಟ್ಟ ಹೆಸರು ಬಹಳ ಸಲ ಹಂಗೇ ಉಳೀತೈತಿ. ಮಹಾರಾಷ್ಟ್ರದ ಒಳಗಿನ ಊರ ಹೆಸರಿನಾಗ ಕನ್ನಡ ಹುಡುಕಿ ತೋರಿಸಿದರು. ಮರಾಠಿಯಾಗೂ ಪುಸ್ತಕ ಬರೆದು ಆ ಕಡೆಯ ಓದುಗರ ಮುಂದೇ ತಮ್ಮ ವಾದ ಇಟ್ಟರು. 1970ರಾಗ 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1981ರಾಗ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿ. 1991ರಾಗ ತೀರಿಕೊಂಡರು.

ಅವರು ಹೇಳಿದ್ದೆಲ್ಲಾ ನಿಂತಿಲ್ಲ. ಶಬ್ದ ಬಿಡಿಸೋ ಮುಂದ ಅವರು ಭಾಳ ದೂರ ಜಿಗೀತಿದ್ರು. ಅವರ ಎಷ್ಟೋ ವ್ಯುತ್ಪತ್ತಿಗಳನ್ನ ಭಾಷಾಶಾಸ್ತ್ರದವರು ಒಪ್ಪಲಿಲ್ಲ. ಆದ್ರ ಕನ್ನಡ ಇವತ್ತಿನ ಗಡಿ ದಾಟಿ ಹರಡಿತ್ತು ಅನ್ನೋ ಮೂಲ ಮಾತಿಗೆ ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರ ಜಿಲ್ಲಾದಾಗ ಸಿಕ್ಕಿರೋ ಕನ್ನಡ ಶಾಸನಗಳೇ ವೋಚರ್.

ನಾನು ಅವರಿಂದ ತಗೊಂಡದ್ದು ಎರಡು. ಒಂದು, ಪ್ರಶ್ನೆ ಕೇಳಾಕ ಪ್ರೊಫೆಸರ್ ಆಗಬೇಕಂತಿಲ್ಲ. ಎರಡು, ಪ್ರಶ್ನೆ ಎಷ್ಟೇ ಛಲೋ ಇದ್ದರೂ ಉತ್ತರಕ್ಕ ವೋಚರ್ ಬೇಕು.

ಭಾಗ 5/6 | ಹೆಸರು ಸಾಕ್ಷಿ, ಹಕ್ಕುಪತ್ರ ಅಲ್ಲ

ಬೆಳಗಾವಿ ಜಿಲ್ಲಾದವರಿಗೆ ಈ ಭಾಗ ಎಷ್ಟು ಸೂಕ್ಷ್ಮ ಅಂತ ಹೇಳಬೇಕಾಗಿಲ್ಲ. ಬೋರ್ಡಿಗೆ ಮಸಿ ಬಳಿಯೋ ಗಲಾಟಿ ನೋಡ್ತಾನೇ ಬೆಳೆದೀವಿ. ಅಂಥ ಹೊತ್ತಿನಾಗ "ನಿಮ್ಮ ಊರ ಹೆಸರು ನಮ್ಮ ಭಾಷಾದ್ದು, ಅದಕ್ಕ ಊರು ನಮ್ಮದು" ಅನ್ನೋ ಫಾರ್ವರ್ಡ್ ಎರಡೂ ಕಡೆಯಿಂದ ಬರತಾವ.

ಸೊಲ್ಲಾಪುರ ಜಿಲ್ಲಾದಾಗ ಕನ್ನಡ ಶಾಸನ ಅದಾವ, ಖರೆ. ಮರಾಠಿಯ ಅತಿ ಹಳೆಯ ಶಾಸನಗಳೊಳಗ ಒಂದು ಇರೋದು ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಹತ್ತಿರ, ಅದೂ ಖರೆ. ಆ ಕಾಲದವರಿಗೆ ಇದು ಜಗಳ ಅನಿಸಿರಲಿಲ್ಲ. ಒಂದೇ ಕಲ್ಲಿನ ಕೆಲಸಕ್ಕ ಎರಡು ಮೂರು ಭಾಷಾ ಬಂದು ನಿಂತಿದ್ವು.

ನಮ್ಮ ಬಾಯಿನೂ ಹಂಗೇ. ನಾವು ಕ್ಲಾಸಿನಾಗ ದಿನಾ ಬಳಸೋ ಜಮಾ, ಬಾಕಿ, ವಸೂಲಿ ಅರಬಿ ಮೂಲದ ಶಬ್ದ. ಖರ್ಚು ಪಾರ್ಸಿಯಿಂದ ಬಂದದ್ದು. ನೌಕರಿ ಸಿಕ್ಕ ಮ್ಯಾಲೆ ತಗೋಬೇಕಂತ ಕನಸು ಕಾಣೋ ಪಗಾರ ಪೋರ್ಚುಗೀಸ್, ಪಲ್ಯಾಕ್ಕ ಹಾಕೋ ಬಟಾಟಿನೂ ಪೋರ್ಚುಗೀಸ್. ಮರಾಠಿಯವರು ಪ್ರೀತಿಲೇ ಕರೆಯೋ ಅಕ್ಕಾ, ಅಣ್ಣಾ ನಮ್ಮ ಕಡೆಯಿಂದ ಹೋದವು. ಅವರ ಅಡಕಿತ್ತಾ ನಮ್ಮ ಅಡಕೊತ್ತು. ಈ ಲೆಕ್ಕ ಟ್ಯಾಲಿ ಮಾಡಿ ಯಾರು ಯಾರಿಗೆ ಸಾಲ ಅಂತ ಹೇಳಾಕ ಆಗಂಗಿಲ್ಲ. ಹೆಸರು ಹಿಂದಕ್ಕ ಯಾರಿದ್ರು ಅಂತ ಹೇಳತೈತಿ. ಇವತ್ತು ಅಲ್ಲಿ ಯಾರು ಇರಬೇಕು ಅಂತ ಹೇಳಂಗಿಲ್ಲ.

ಭಾಗ 6/6 | ಈಗ ನಿಮ್ಮ ಪಾಳಿ

ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಕನ್ನಡ ತಪ್ಪೇನು?

"ಬರಾಕತ್ತೀನಿ" ತಗೋರಿ. ಬರಾಕ ಮತ್ತು ಹತ್ತೀನಿ, ಎರಡು ಶಬ್ದ ಕೂಡೈತಿ. ಹತ್ತು ಅಂದ್ರ ಇಲ್ಲಿ ತೊಡಗು, ಶುರು ಮಾಡು. ಮಾಡಾಕತ್ತೀನಿ, ಓದಾಕತ್ತಾಳ, ಉಣ್ಣಾಕತ್ತಾರ, ಎಲ್ಲಿ ಬೇಕಾದಲ್ಲಿ ಹಚ್ಚಿ ನೋಡ್ರಿ, ಒಂದೇ ನಿಯಮ. ನಿಯಮ ಐತಿ ಅಂದ್ರ ವ್ಯಾಕರಣ ಐತಿ. ಪುಸ್ತಕದ ಕನ್ನಡ ಕಲೀಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಅರ್ಜಿ ಬರೆಯಾಕ, ಪರೀಕ್ಷೆ ಬರೆಯಾಕ ಅದು ಬೇಕು. ಆದ್ರ ಅದು ಎರಡನೇ ಅಂಗಿ, ಚರ್ಮ ಅಲ್ಲ.

ಶ್ರೀವಿಜಯನೂ ಇದನ್ನ ನೋಡಿದ್ದ. ಸೀಮಿಗೊಂದು ನಮೂನಿ ಕನ್ನಡ ಇರೋದರಿಂದ ಅದರ ದೋಷ ಎಣಿಸಾಕ ಕುಂತರ ಸರ್ಪರಾಜ ವಾಸುಕಿಗೂ ಬ್ಯಾಸರ ಆಗತೈತಿ ಅನ್ನೋ ಅರ್ಥದ ಮಾತು ಅದೇ ಕವಿರಾಜಮಾರ್ಗದಾಗ ಐತಿ. ಆತ ಅಲ್ಲಿ ಕನ್ನಡ ಅನ್ನಂಗಿಲ್ಲ, ಕನ್ನಡಗಳು ಅಂತ ಬಹುವಚನ ಬಳಸ್ತಾನ. ತಿರುಳು ಎಲ್ಲೈತಿ ಅಂತ ಗೆರಿ ಹಾಕಿದಾವನೇ ಬಹುವಚನ ಬರೆದ, ಇದನ್ನ ನೆನಪಿಡ್ರಿ.

ಈಗ ಕೆಲಸ. ಊರ ಹೆಸರಿಗೆ ಶಾಸನ ಐತಿ, ಬೋರ್ಡ್ ಐತಿ. ಹೊಲದ ಹೆಸರಿಗೆ ಏನೈತಿ? ಉತಾರ ತೆಗೆದು ನೋಡ್ರಿ, ಬರೇ ಸರ್ವೆ ನಂಬರ್. ನಿಮ್ಮ ಅಜ್ಜಗ ಮಾತ್ರ ಆ ಹೊಲಕ್ಕ ಒಂದು ಹೆಸರು ಗೊತ್ತಿರತೈತಿ, ಎರಿ, ಮಸಾರಿ, ಮಡ್ಡಿ ಅಂತ ಮಣ್ಣಿನ ಗುಣ ಹೇಳೋ ಹೆಸರೋ, ಯಾವುದೋ ಗಿಡದ್ದೋ, ಸತ್ತು ಹೋದ ಯಾರದೋ ಹೆಸರೋ. ಹೊಲ ಮಾರಿದ ದಿನ, ಇಲ್ಲಾ ಅಜ್ಜ ಹೋದ ದಿನ, ಆ ಹೆಸರೂ ಹೋಗತೈತಿ. ಅದಕ್ಕ ಕಲ್ಲಿಲ್ಲ, ಎಲಿಯಟ್ ಇಲ್ಲ, ಇರೋದು ನಿಮ್ಮ ಕೈಯಾಗಿನ ಫೋನ್ ಅಷ್ಟೇ.

ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ಯಾವ ತಾಲೂಕಿನವರಾದರೂ ಸರಿ, ಈ ರವಿವಾರ ಮನ್ಯಾಗ ಹಿರಿಯರ ಹತ್ತಿರ ಕುಂದರ್ರಿ. ಐದು ಹೊಲದ ಹೆಸರು, ಒಂದು ಹಳ್ಳದ ಹೆಸರು ಕೇಳಿ ರೆಕಾರ್ಡ್ ಮಾಡ್ರಿ. ಬರೆಯೋ ಮುಂದ ತಿದ್ದಬ್ಯಾಡ್ರಿ. "ವ" ಹಚ್ಚಿ ಅಂದ್ರ "ವ" ಹಚ್ಚಿ ಬರೀರಿ, ದೀರ್ಘ ಎಳೆದ್ರ ದೀರ್ಘ ಹಾಕ್ರಿ. ಹೂಲಿಯ ಲೆಕ್ಕ ತಿಳಿದದ್ದು ಒಂದು ದೀರ್ಘದಿಂದ.

ಕಮೆಂಟ್‌ನಾಗ ಊರು, ಹೆಸರು, ಹೇಳಿದವರ ವಯಸ್ಸು ಹಾಕ್ರಿ. ಅರ್ಥ ಆಮೇಲೆ ನೋಡೋಣ. ಬೈಲಹೊಂಗಲದ "ಬೈಲ" ಬಯಲು ಅನ್ನೋದು ಸರಳ ಐತಿ. ಹೊಂಗಲಕ್ಕ ಹೊಂಗಿ ಗಿಡ ಅನ್ನೋರು, ಹೊನ್ನು ಅನ್ನೋರು ಇಬ್ಬರೂ ಬರ್ರಿ, ಖಾಲಿ ಕೈಲೇ ಮಾತ್ರ ಬರಬ್ಯಾಡ್ರಿ. ವೋಚರ್ ತರ್ರಿ.

#ವಕ್ಕುಂದ #ಸವದತ್ತಿ #ಕಿತ್ತೂರು #ಬೈಲಹೊಂಗಲ #ರಾಮದುರ್ಗ #ನಮ್ಮಮಾತು #ಹೊಲದಹೆಸರು