ಬಲಗಡೆಯ ಹೂವು

ಮಗಳ ಸಂಬಂಧವನ್ನಾಗಲಿ, ಹೊಲದ ಕ್ರಯವನ್ನಾಗಲಿ ನಿಶ್ಚಯಿಸಲಾರದೆ ತೊಳಲುವ ಗೃಹಸ್ಥನು ದೇವರ ಸನ್ನಿಧಿಗೆ ಬಂದು ‘ಪ್ರಸಾದ ಕೇಳುವ’ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅರ್ಚಕರು ಒದ್ದೆಯಾದ ಹೂವಿನೆಸಳುಗಳನ್ನು ವಿಗ್ರಹದ ಎಡಬಲಗಳಲ್ಲಿ ಅಂಟಿಸುವರು. ಬಂದವನು ಮನಸ್ಸಿನ ಮಾತನ್ನು ಅರಿಕೆಮಾಡಿಕೊಂಡು ಕೈಮುಗಿದು ನಿಲ್ಲುವನು. ಬಲಗಡೆಯ ಹೂ ಮೊದಲು ಜಾರಿದರೆ ಅಪ್ಪಣೆಯಾಯಿತು, ಎಡಗಡೆಯದು ಜಾರಿದರೆ ಕಾರ್ಯವನ್ನು ಕೈಬಿಡತಕ್ಕದ್ದು. ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ, ದ್ವಿಭುಜನಾಗಿ ನಿಂತ ಗಣಪತಿಯ ಪಾದಗಳ ಬಳಿ ಚೀಟಿಗಳನ್ನಿಟ್ಟು ವಧೂವರರ ಕಡೆಯವರು ಅನುಮತಿ ಬೇಡುವ ವಾಡಿಕೆಯುಂಟು. ಗುಡಿ ದೂರವಾದ ಮನೆಗಳಲ್ಲಿ ಕೆಂಪು ಬಿಳಿ ಹೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಏನನ್ನೂ ಅರಿಯದ ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತಿದ್ದರು.

ಇದನ್ನು ವಿವೇಕವನ್ನೇ ತೊರೆದವರ ಆಚಾರವೆಂದು ತಳ್ಳಿಬಿಡುವುದು ನನಗೆ ಸರಿಯೆಂದು ತೋರದು. ಮನುಷ್ಯನ ಯುಕ್ತಿ ಎಲ್ಲಿ ನಿಲ್ಲುತ್ತದೆ, ದೈವದ ಮೊರೆ ಎಲ್ಲಿಂದ ಮೊದಲಾಗುತ್ತದೆ ಎಂಬ ಪ್ರಶ್ನೆಯನ್ನು ಈ ನೆಲದಲ್ಲಿಯೇ ಬಹು ಗಂಭೀರವಾಗಿ ವಿಚಾರಮಾಡಿದವರಿದ್ದರು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣ ಪಟ್ಟಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ಪ್ರಕಾರ ವ್ಯವಹಾರ ನಿರ್ಣಯಕ್ಕೆ ಪತ್ರ, ಅನುಭೋಗ, ಸಾಕ್ಷಿ ಎಂಬ ಮೂರು ಪ್ರಮಾಣಗಳು. ಇವುಗಳಲ್ಲಿ ಒಂದೂ ದೊರೆಯದಾಗ ಮಾತ್ರ ದಿವ್ಯ, ಎಂದರೆ ದೈವವನ್ನೇ ಸಾಕ್ಷಿಯಾಗಿಟ್ಟು ನಡೆಸುವ ಪರೀಕ್ಷೆ. ಒಬ್ಬನು ಮಾನುಷ ಪ್ರಮಾಣವನ್ನೂ ಮತ್ತೊಬ್ಬನು ದೈವಿಕವನ್ನೂ ಮುಂದಿಟ್ಟರೆ ಅರಸನು ಮಾನುಷವನ್ನೇ ಗ್ರಹಿಸತಕ್ಕದ್ದೆಂಬುದು ಸ್ಮೃತಿಕಾರನಾದ ಕಾತ್ಯಾಯನನ ಮತ. ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ಆ ದಿವ್ಯಗಳ ಕಾಠಿಣ್ಯವನ್ನು ನೆನೆದರೆ ಮೈ ನಡುಗುತ್ತದೆ. ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದ ಕಿತ್ತೂರಿನ ಶಾಸನವೊಂದು, ಭೂಮಿಯ ವಿವಾದಕ್ಕಾಗಿ ಕಾದ ನೇಗಿಲ ಗುಳವನ್ನು ಹಿಡಿದ ಫಾಲದಿವ್ಯವನ್ನು ಹೇಳುತ್ತದೆ. ಆ ಬೆಂಕಿಗೂ ಗರ್ಭಗುಡಿಯ ತಣ್ಣನೆಯ ಹೂವಿಗೂ ನೇರವಾದ ವಂಶಸಂಬಂಧವನ್ನು ನಾನು ಕಲ್ಪಿಸಲಾರೆ. ಆದರೆ ಎರಡರ ಹಿಂದೆಯೂ ಇರುವ ಕ್ರಮ ಒಂದೇ.

ಏಕೆಂದರೆ ತಿಳಿದ ಮನೆಗಳಲ್ಲಿ ಪ್ರಸಾದ ಕೇಳುವುದು ಮೊದಲ ಹೆಜ್ಜೆಯಾಗಿರಲಿಲ್ಲ. ಗಂಡಿನ ಕುಲಶೀಲಗಳನ್ನು ನಾಲ್ಕು ಊರುಗಳಲ್ಲಿ ವಿಚಾರಿಸಿ, ಗದ್ದೆಯ ಹುಟ್ಟುವಳಿಯನ್ನೂ ಸಾಲವನ್ನೂ ಲೆಕ್ಕಹಾಕಿ, ಜಾತಕ ತೋರಿಸಿ, ಜಗಲಿಯಲ್ಲಿ ಹಿರಿಯರು ಕುಳಿತು ಇರುಳೆಲ್ಲ ಆಡಿದ ಮೇಲೂ ತಕ್ಕಡಿ ಯಾವ ಕಡೆಗೂ ವಾಲದಿದ್ದಾಗ, ಸ್ನಾನಮಾಡಿ ಮಡಿಯುಟ್ಟು ಗುಡಿಗೆ ಹೋಗುತ್ತಿದ್ದರು. ಲೆಕ್ಕವನ್ನು ಬಿಟ್ಟು ಹೂವನ್ನೇ ಮೊದಲು ಹಿಡಿದವರು ಕೆಟ್ಟದ್ದೂ ಉಂಟು; ಅದನ್ನು ಪದ್ಧತಿಯ ದೋಷವೆನ್ನುವುದಕ್ಕಿಂತ ಕ್ರಮಭಂಗದ ಫಲವೆನ್ನುವುದೇ ನ್ಯಾಯ.

ಆ ಕೆಲವು ನಿಮಿಷಗಳ ನಿರೀಕ್ಷೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಸಂಗತಿಯಿಂದಲೇ ಈ ಆಚಾರದಲ್ಲಿ ನನಗೆ ಇಷ್ಟು ಗೌರವ. ಹಣತೆಯ ಬೆಳಕಿನಲ್ಲಿ ಎಸಳನ್ನು ದಿಟ್ಟಿಸುತ್ತ ನಿಂತವನಿಗೆ, ಯಾವ ಕಡೆಯ ಹೂ ಬೀಳಲೆಂದು ತಾನು ಹಂಬಲಿಸುತ್ತಿರುವೆನೆಂಬುದು ಅಲ್ಲಿ ಮೊದಲ ಬಾರಿಗೆ ತಿಳಿಯುತ್ತಿತ್ತು. ಬಲಗಡೆಯ ಹೂ ಜಾರಿದೊಡನೆ ಪಕ್ಕದಲ್ಲಿ ನಿಂತ ಹುಡುಗಿಯ ತಾಯಿಯ ಮುಖ ಬಾಡಿದರೆ ಅದನ್ನು ಕಂಡ ಹಿರಿಯರು ಏನೂ ಆಡುತ್ತಿರಲಿಲ್ಲ. ಮನೆಗೆ ಬಂದು, ಕಾಲು ತೊಳೆದು, ಮತ್ತೆ ಜಗಲಿಯಲ್ಲಿ ಕುಳಿತು ಆಕೆಯನ್ನು ಹತ್ತಿರಕ್ಕೆ ಕರೆಯುತ್ತಿದ್ದರು.