ಕನ್ನಡಕ ಕಳಚಿದ ಮೇಲೆ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಕೊಯ್ದು ಸಮೀಪದೃಷ್ಟಿ ದೋಷ ನೀಗಿಸಲು ಹೊರಟವರಲ್ಲಿ ಟೋಕಿಯೋದ ಜುಂಟೆಂಡೊ ವಿಶ್ವವಿದ್ಯಾಲಯದ ತ್ಸುಟೊಮು ಸಾಟೊ ಮೊದಲಿಗರು. 1930ರ ದಶಕದಲ್ಲಿ ಶುರುವಾದ ಅವರ ಪ್ರಯೋಗದಲ್ಲಿ ಕಾರ್ನಿಯಾದ ಒಳಮೈಗೂ ಗೀರು ಬೀಳುತ್ತಿತ್ತು. ಅಲ್ಲಿ ಒಂದೇ ಪದರವಾಗಿ ಹರಡಿರುವ ಜೀವಕೋಶಗಳೇ ನೀರನ್ನು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಗ ಇದು ಸ್ಪಷ್ಟವಿರಲಿಲ್ಲ. ಕನ್ನಡಕ ಬಿಟ್ಟ ಹಲವರ ಕಾರ್ನಿಯಾ ಸುಮಾರು ಇಪ್ಪತ್ತು ವರ್ಷದ ನಂತರ ಊದಿಕೊಂಡು ಮಂಜಾಯಿತು. ಅಷ್ಟರಲ್ಲಿ ಸಾಟೊ ತೀರಿಹೋಗಿದ್ದರು.

1970ರ ದಶಕದಲ್ಲಿ ಮಾಸ್ಕೊದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಒಳಮೈಯನ್ನು ಮುಟ್ಟದೆ, ಹೊರಮೈಯಲ್ಲಷ್ಟೇ ಸೈಕಲ್ ಚಕ್ರದ ಕಡ್ಡಿಗಳಂತೆ ಗೀರು ಹಾಕಿದರು. ಈ ವಿಧಾನ ಅಮೆರಿಕಕ್ಕೂ ಹಬ್ಬಿತು. ಅಲ್ಲಿ ಈ ವಿಧಾನವನ್ನು ಪರೀಕ್ಷಿಸಿದ ಪರ್ಕ್ ಅಧ್ಯಯನದ ಹತ್ತು ವರ್ಷದ ವರದಿ 1994ರಲ್ಲಿ ಬಂದಾಗ, ನೂರಕ್ಕೆ 43 ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ದೂರದೃಷ್ಟಿ ದೋಷದ ಕಡೆಗೆ ಸರಿದಿದ್ದವು.

ಈ ಗೀರುಗಳ ಇನ್ನೊಂದು ಗುಣ ಎವರೆಸ್ಟ್‌ನಲ್ಲಿ ಎದ್ದು ಕಂಡಿತು. 1996ರ ಮೇ ತಿಂಗಳಲ್ಲಿ ಹತ್ತುತ್ತಿದ್ದ ಟೆಕ್ಸಸ್‌ನ ವೈದ್ಯ ಬೆಕ್ ವೆದರ್ಸ್ ಇದೇ ಆಪರೇಷನ್ ಮಾಡಿಸಿಕೊಂಡಿದ್ದವರು. ಆಮ್ಲಜನಕ ಕಡಿಮೆಯಾದರೆ ಗೀರಿನ ಜಾಗ ಊದಿ ಕಾರ್ನಿಯಾದ ನಡುಭಾಗ ಚಪ್ಪಟೆಯಾಗುತ್ತದೆ. ಶಿಖರ ಇನ್ನೂ ಮೇಲಿತ್ತು, ಅವರಿಗೆ ದಾರಿ ಕಾಣದಾಯಿತು. ಕಾಯುತ್ತ ಕುಳಿತಲ್ಲೇ ದಿನ ಕಳೆಯಿತು, ಇಳಿಯುವಾಗ ಬಿರುಗಾಳಿ ಹಿಡಿಯಿತು. ಜೀವ ಉಳಿಯಿತು, ಮೂಗು, ಬಲಗೈ ಹಿಮಕ್ಕೆ ಹೋದವು.

ಅಷ್ಟೊತ್ತಿಗೆ ಬ್ಲೇಡಿನ ಕೆಲಸವನ್ನು ಲೇಸರ್ ವಹಿಸಿಕೊಳ್ಳತೊಡಗಿತ್ತು. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಮದ್ರಾಸ್ ಮೂಲದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಣುಕಿನ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಅಕ್ಕಪಕ್ಕ ಸುಡದೆ ಅಚ್ಚುಕಟ್ಟಾಗಿ ಕತ್ತರಿಸಿತು. ಲೇಸರಿನಿಂದ ಕಾರ್ನಿಯಾ ತಿದ್ದುವ ಇಂದಿನ ಲೇಸಿಕ್‌ಗೂ ಅದೇ ಬುನಾದಿ.

ಆದರೆ ಲೇಸರ್ ಕಾರ್ನಿಯಾದ ಒಂದಿಷ್ಟನ್ನು ತೆಗೆಯುವುದರಿಂದ ಅದು ತೆಳುವಾಗುವುದು ತಪ್ಪಲಿಲ್ಲ. ಕೆಲವರಲ್ಲಿ ಅದು ಮುಂದಕ್ಕೆ ಉಬ್ಬುವುದನ್ನು ಜರ್ಮನಿಯ ಥಿಯೋ ಸೈಲರ್ 1998ರಲ್ಲಿ ವರದಿ ಮಾಡಿದರು. ವಿಟಮಿನ್ ಬಿ2 ಹನಿ, ಅತಿನೇರಳೆ ಬೆಳಕು ಸೇರಿಸಿ ಕಾರ್ನಿಯಾವನ್ನು ಗಟ್ಟಿಮಾಡುವ ವಿಧಾನದ ಹಿಂದೆಯೂ ಅವರಿದ್ದರು. ತೆಳು ಕಾರ್ನಿಯಾದ ಮೇಲೆ ಕಣ್ಣಿನೊತ್ತಡವೂ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಗ್ಲಾಕೋಮಾ ತಪಾಸಣೆಯಲ್ಲಿ ಲೇಸಿಕ್ ಆಗಿರುವ ಸಂಗತಿಯನ್ನು ಹೇಳದಿದ್ದರೆ ಕಾಯಿಲೆ ಕಣ್ತಪ್ಪಬಹುದು.

ಈಗ ಲೇಸರ್ ಮಾಡಿಸಿಕೊಂಡ ಮೊದಲ ತಲೆಮಾರಿಗೆ ಕಣ್ಣಿನ ಪೊರೆ ಬರುವ ವಯಸ್ಸು. ಪೊರೆ ತೆಗೆದು ಒಳಗೆ ಕೂರಿಸುವ ಲೆನ್ಸಿನ ಪವರನ್ನು ಹಳೆಯ ಸೂತ್ರದಲ್ಲಿ ಲೆಕ್ಕ ಹಾಕಿದರೆ ತಪ್ಪುತ್ತದೆ, ಹಾಗಾಗಿ ವೈದ್ಯರು ಲೇಸರಿಗೆ ಮುಂಚಿನ ಕಣ್ಣಿನ ಅಳತೆಯ ಚೀಟಿ ಕೇಳುತ್ತಾರೆ. ಎಷ್ಟೋ ಮಂದಿಯ ಬಳಿ ಅದಿಲ್ಲ. ಆದರೆ ಹೈಗಿಸ್-ಎಲ್‌ನಂಥ ಸೂತ್ರಗಳಿಗೆ ಆ ಚೀಟಿ ಬೇಕಾಗುವುದಿಲ್ಲ.