ಆಳವಿಲ್ಲದ ಕೆರೆಗಳಲ್ಲಿ ಪಾಚಿ ಬೆಳವಣಿಗೆ: ಮೀನುಗಾರಿಕೆ ಗುತ್ತಿಗೆ ಅರ್ಜಿದಾರರ ಗಮನಕ್ಕೆ

ಕೆರೆಯ ಮೀನುಗಾರಿಕೆ ಗುತ್ತಿಗೆಗೆ ಅರ್ಜಿ ಸಲ್ಲಿಸುವವರಲ್ಲಿ ಅನೇಕರು ನೀರು ಹಸಿರಾಗಿದ್ದಷ್ಟೂ ಇಳುವರಿ ಹೆಚ್ಚೆಂದು ಭಾವಿಸುತ್ತಾರೆ. ಈ ಅಭಿಪ್ರಾಯವು ಒಂದು ಮಿತಿಯವರೆಗೆ ಮಾತ್ರ ಸರಿಯಾಗಿರುತ್ತದೆ.

ಸೂಕ್ಷ್ಮ ಪಾಚಿಯು ಸೂರ್ಯನ ಬೆಳಕಿನಲ್ಲಿ ಸಾರಜನಕ ಹಾಗೂ ರಂಜಕವನ್ನು ಹೀರಿ ಬೆಳೆಯುತ್ತದೆ. ಬೆಳ್ಳಿ ಗೆಂಡೆ ಮೀನು ಪಾಚಿಯನ್ನೇ ಸೇವಿಸುತ್ತದೆ. ಕಾಟ್ಲಾ ಮೀನಿಗೆ ಪಾಚಿ ತಿಂದು ಬೆಳೆಯುವ ಸೂಕ್ಷ್ಮ ಪ್ರಾಣಿಗಳು ಆಹಾರವಾಗಿವೆ. ಚರಂಡಿ ನೀರು, ಸಾಬೂನು ಪುಡಿ ಹಾಗೂ ಹೊಲದ ಗೊಬ್ಬರದ ಮೂಲಕ ಕೆರೆ ಸೇರುವ 1 ಕಿ.ಗ್ರಾಂ ರಂಜಕವು ಸುಮಾರು 100 ಕಿ.ಗ್ರಾಂ ಒಣ ತೂಕದ ಪಾಚಿಯನ್ನು ಬೆಳೆಸಬಲ್ಲದು.

ಆದರೆ ಪಾಚಿ ದಟ್ಟವಾದಂತೆ ಮೇಲಿನ ಪದರವು ಕೆಳಗಿನ ಪದರಕ್ಕೆ ಬೆಳಕನ್ನು ತಡೆಯುವುದರಿಂದ ಉತ್ಪಾದಕತೆಯು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಉಸಿರಾಟ ಮಾತ್ರ ಏರುತ್ತದೆ. ಹಗಲಿನಲ್ಲಿ ಆಮ್ಲಜನಕ ನೀಡುವ ಪಾಚಿಯೇ ರಾತ್ರಿ ಅದನ್ನು ಬಳಸಿಕೊಳ್ಳುವುದರಿಂದ, ಸೂರ್ಯೋದಯಕ್ಕೆ ಮುನ್ನ ಆಮ್ಲಜನಕವು ಕನಿಷ್ಠ ಮಟ್ಟಕ್ಕಿಳಿಯುತ್ತದೆ. ಪ್ರತಿ ಲೀಟರಿಗೆ 3 ಮಿ.ಗ್ರಾಂಗಿಂತ ಕಡಿಮೆಯಾದಲ್ಲಿ ಗೆಂಡೆ ಮೀನುಗಳು ಬಳಲುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು, ಕೊಳಚೆ ನೀರು ಹಾಗೂ ಆಮ್ಲಜನಕದ ಕೊರತೆ ಇದಕ್ಕೆ ಕಾರಣಗಳೆಂದು ಗುರುತಿಸಲಾಗಿತ್ತು.

ಹಗಲು ಹನ್ನೊಂದು ಗಂಟೆಗೆ ಕೆರೆ ನೋಡಿದವರಿಗೆ ಈ ಕೊರತೆ ಕಾಣುವುದೇ ಇಲ್ಲ. ಆದುದರಿಂದ ಅರ್ಜಿದಾರರು ಗುತ್ತಿಗೆ ಮೊತ್ತವನ್ನು ನಿರ್ಧರಿಸುವ ಮೊದಲು ಬೆಳಗಿನ ಜಾವ ಖುದ್ದಾಗಿ ಕೆರೆಯನ್ನು ಪರಿಶೀಲಿಸುವುದು ಸೂಕ್ತ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದಲ್ಲಿ ಅದು ಸ್ಪಷ್ಟ ಎಚ್ಚರಿಕೆ. ನೀರು ಮಣ್ಣಿನಿಂದ ಕದಡಿರದಿದ್ದಲ್ಲಿ, ಬಿಳಿ ತಟ್ಟೆಯೊಂದನ್ನು ದಾರ ಕಟ್ಟಿ ಇಳಿಸಿ ನೋಡಬಹುದು: 30ರಿಂದ 40 ಸೆಂ.ಮೀ. ಆಳದವರೆಗೆ ಕಂಡರೆ ಪಾಚಿ ಹದವಾಗಿದೆ; 20 ಸೆಂ.ಮೀ.ಗೆ ಮೊದಲೇ ಮರೆಯಾದರೆ ಸಗಣಿ, ರಸಗೊಬ್ಬರ ಹಾಕುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಸಾಧ್ಯವಿದ್ದಲ್ಲಿ ಹೊಸ ನೀರು ಹರಿಸಬೇಕು. ಮೈಲುತುತ್ತ ಹಾಕಿ ಪಾಚಿಯನ್ನು ಒಮ್ಮೆಲೇ ಸಾಯಿಸುವುದು ತರವಲ್ಲ. ಕೊಳೆಯುವ ಪಾಚಿಯು ಉಳಿದ ಆಮ್ಲಜನಕವನ್ನೂ ಕಬಳಿಸುತ್ತದೆ.

ಚರಂಡಿ ಮುಚ್ಚಿದ ಮಾತ್ರಕ್ಕೆ ಕೆರೆ ತಿಳಿಯಾಗುವುದೆಂದು ನಿರೀಕ್ಷಿಸಲಾಗದು. ಆಳವಿಲ್ಲದ ಕೆರೆಯ ಹೂಳಿನಲ್ಲಿ ಸಂಗ್ರಹವಾದ ರಂಜಕವು ಗಾಳಿಗೆ ತಳ ಕದಡಿದಾಗಲೂ, ತಳದಲ್ಲಿ ಆಮ್ಲಜನಕ ಮುಗಿದಾಗಲೂ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಹೀಗಾಗಿ ಹೂಳೆತ್ತದ ಕೆರೆಯಲ್ಲಿ ಪಾಚಿಯು ಹಲವು ವರ್ಷ ಮರುಕಳಿಸಬಹುದು.

ದಡದಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದಲ್ಲಿ ಅದು ನೀಲಿ-ಹಸಿರು ಪಾಚಿಯಾಗಿರುವ ಸಂಭವವಿದೆ. ಇದರ ಕೆಲವು ಬಗೆಗಳು ವಿಷಕಾರಿಯಾಗಿದ್ದು, ನೀರನ್ನು ಕುದಿಸಿದರೂ ವಿಷ ನಾಶವಾಗುವುದಿಲ್ಲ. ಅಂತಹ ನೀರನ್ನು ಜಾನುವಾರುಗಳಿಗೂ ಕುಡಿಸಬಾರದು.